ಸೆರೆಮನೆಯ ಹೊರಗುಳಿದ ಮಕ್ಕಳು

ಸುತ್ತೂರು ಜಾತ್ರೆಯಲ್ಲಿ ಪ್ರಸಾದದ ಪಂಕ್ತಿಯಲ್ಲಿ ಕುಳಿತ ಮಗುವನ್ನು ಯಾರ ಮಗುವೆಂದು ಯಾರೂ ವಿಚಾರಿಸುವುದಿಲ್ಲ. ಆ ಮಗುವಿನ ತಂದೆಯೋ ತಾಯಿಯೋ ಜೈಲಿನಲ್ಲಿದ್ದರೆ, ಊರಿಗೆ ಮರಳಿ ಶಾಲೆಯ ಅಂಗಳಕ್ಕೆ ಕಾಲಿಟ್ಟೊಡನೆ ಅದೇ ಪ್ರಶ್ನೆ ಬೆನ್ನು ಹತ್ತುತ್ತದೆ. ಈ ಮಕ್ಕಳ ಮಾನಸಿಕ ಆರೋಗ್ಯ ನಮ್ಮೆಲ್ಲರ ಹೊಣೆಯೆಂದು ನಾವು ಭಾವಿಸುತ್ತೇವೆ.

ಸೆರೆಮನೆಯೊಳಗಿನ ಮಕ್ಕಳನ್ನು ಕಾನೂನು ಗಮನಿಸಿದೆ. ಆರ್. ಡಿ. ಉಪಾಧ್ಯಾಯ ಪ್ರಕರಣದಲ್ಲಿ 2006ರ ಏಪ್ರಿಲ್ 13ರಂದು ಸರ್ವೋಚ್ಚ ನ್ಯಾಯಾಲಯವು, ಆರು ವರ್ಷದವರೆಗಿನ ಮಗು ಬಂದಿಯಾದ ತಾಯಿಯೊಡನೆ ಇರಬಹುದೆಂದೂ ಅದಕ್ಕೆ ಆಹಾರ, ವೈದ್ಯೋಪಚಾರ, ಶಿಶುವಿಹಾರಗಳು ದೊರೆಯಬೇಕೆಂದೂ ಆದೇಶಿಸಿತು. ಆರು ತುಂಬಿದ ಮಗು ಹೊರಬರಬೇಕು. ತಂದೆ ಸೆರೆಯಾದ ಮಗುವಂತೂ ಮೊದಲಿನಿಂದಲೂ ಹೊರಗೇ. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಅಜ್ಜಿಯೇ ಅದನ್ನು ಸಾಕುವವಳು. “ಅಪ್ಪ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾನೆ” ಎಂದು ಸಮಾಧಾನ ಹೇಳುವವಳೂ ಅವಳೇ.

ಈ ಸುಳ್ಳು ಕರುಣೆಯಿಂದ ಹುಟ್ಟಿದ್ದು, ನಿಜ. ಆದರೂ ಅದು ಮಗುವಿಗೆ ಹಿತವಲ್ಲ. ಸತ್ಯವು ಆಟದ ಬಯಲಿನಲ್ಲಿ ಓರಗೆಯವರ ಬಾಯಿಂದ ತಿಳಿದ ದಿನ ಅಜ್ಜಿಯ ಮೇಲಿನ ನಂಬಿಕೆಯೂ ಹೋಗುತ್ತದೆ. ಅಪ್ಪ ಎಲ್ಲಿದ್ದಾನೆ, ಅಲ್ಲಿ ಊಟ ಸಿಗುತ್ತದೆ, ಇದಕ್ಕೆ ನೀನು ಕಾರಣವಲ್ಲ: ಇಷ್ಟು ಹೇಳಿದರೆ ಸಾಕು. ಯಾವಾಗ ಬರುತ್ತಾನೆ ಎಂಬುದೇ ಕಠಿಣ ಪ್ರಶ್ನೆ. ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ಅಪರಾಧ ಸಾಬೀತಾಗುವ ಮೊದಲೇ ಊರು ಮಗುವಿಗೆ ಶಿಕ್ಷೆ ವಿಧಿಸಿರುತ್ತದೆ. “ಹಬ್ಬಕ್ಕೆ ಬರುತ್ತಾನೆ” ಎಂಬ ಹುಸಿ ಭರವಸೆಗಿಂತ “ನನಗೂ ಗೊತ್ತಿಲ್ಲ ಕಂದ, ಗೊತ್ತಾದ ದಿನ ನಿನಗೇ ಮೊದಲು ಹೇಳುತ್ತೇನೆ” ಎನ್ನುವುದು ಮೇಲು.

ಮಗು ತನ್ನ ದುಃಖವನ್ನು ದುಃಖವೆಂದು ಹೇಳುವುದು ಅಪರೂಪ. ಹೊಟ್ಟೆನೋವು ಎನ್ನುತ್ತದೆ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ, ಸಣ್ಣ ಮಾತಿಗೂ ಜಗಳಕ್ಕೆ ನಿಲ್ಲುತ್ತದೆ. ಇದನ್ನು ತುಂಟತನವೆಂದು ಗದರಿಸುವವರೇ ಹೆಚ್ಚು. “ಅಪ್ಪನ ಹಾಗೆಯೇ” ಎಂಬ ಮಾತನ್ನಂತೂ ಯಾವ ಅಧ್ಯಾಪಕರೂ ಆಡಬಾರದು. ವಸತಿ ಶಾಲೆಗಳ ನಿಲಯಪಾಲಕರಿಗೆ ಈ ಲಕ್ಷಣಗಳನ್ನು ಗುರುತಿಸುವ ತರಬೇತಿ ಬೇಕು. ಸುತ್ತೂರಿನ ನಮ್ಮ ಉಚಿತ ವಸತಿ ಶಾಲೆಯಿಂದಲೇ ಅದು ಆರಂಭವಾಗಲಿ ಎಂಬುದು ನಮ್ಮ ಕೋರಿಕೆ.

ನೆರವು ದೂರವಿಲ್ಲ. ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ರೂಪಿಸಿದೆ. ಬರುವ ದಿನವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅಜ್ಜಿಗೆ ಫೋನ್ ಒತ್ತಲು ಬಾರದಿದ್ದರೆ ಶಾಲೆಯ ಮೇಷ್ಟರು ಒತ್ತಿಕೊಡಲಿ.