ಪಾದೆಗೆ ಬೀಗವಿಲ್ಲ

ಮಳೆ ಹಿಡಿದರೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಮಂದಿಗೆ ಕಡಲು ನೋಡುವ ಹುಚ್ಚು. ಭಾನುವಾರ ಬಸ್ಸು ಹತ್ತಿ, ಮಂಗಳೂರಿನ ಸ್ಟೇಟ್‌ಬ್ಯಾಂಕಿನಲ್ಲಿ ಬದಲಿಸಿದರೆ ಸೋಮೇಶ್ವರ. ದೇವಸ್ಥಾನದ ಪಕ್ಕದ ರುದ್ರಪಾದೆಗೆ ತೆರೆ ಬಡಿದು ಮೇಲಕ್ಕೆ ಹಾರುವುದು ನೋಡಲು ಚಂದವೇ. ಬೇಡ ಎನ್ನುವವರಾರು?

ಆದರೆ ಒಳನಾಡಿನವರಿಗೆ ಹೊಳೆ ಗೊತ್ತು, ಕಡಲು ಗೊತ್ತಿಲ್ಲ. 1923, 1974ರ ನೆರೆ ಕಂಡ ಬಂಟ್ವಾಳ ಪೇಟೆಗೆ ನೇತ್ರಾವತಿಯ ಲೆಕ್ಕ ಗೊತ್ತು. ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಅಂಗಡಿ ಸಾಮಾನು ಅಟ್ಟಕ್ಕೇರಿಸಲು ಹೊತ್ತು ಕೊಡುತ್ತದೆ. ಕಡಲು ಹಾಗಲ್ಲ ಮಾರಾಯ್ರೆ! ಹತ್ತು ತೆರೆ ಪಾದೆಯ ಬುಡದಲ್ಲೇ ಒಡೆದೀತು, ಹನ್ನೊಂದನೆಯದು ನೆತ್ತಿಗೇ ಬಂದೀತು. ಫೋಟೋಕ್ಕಾಗಿ ಕಡಲಿಗೆ ಬೆನ್ನು ಹಾಕಿ ನಿಂತವರಿಗೆ ಅದು ಕಾಣುವುದೂ ಇಲ್ಲ. ಪಾಚಿ ಕಲ್ಲಿನಲ್ಲಿ ಜಾರಿ ಬಿದ್ದರೆ ಈಜು ಬಲ್ಲವನೂ ಉಳಿಯುವುದು ಕಷ್ಟ. ಇಲ್ಲಿ ಹೋದ ಜೀವ ಒಂದೆರಡಲ್ಲ.

ಮಳೆಗಾಲದಲ್ಲಿ ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಬೋಟು ಬಿಡುವುದಿಲ್ಲ. ಹಾದಿ ತಾನಾಗಿ ಮುಚ್ಚುತ್ತದೆ. ನಡೆದೇ ಹೋಗಬಹುದಾದ ಪಾದೆಗೆ ಬೀಗವೆಲ್ಲಿ? ನೀರಿಗಿಳಿಯಬಾರದೆಂಬ ಆದೇಶ ವರ್ಷವೂ ಹೊರಡುತ್ತದೆ. ಬೋರ್ಡು ಓದಿಯೇ ಪಾದೆ ಹತ್ತುವವರಿಗೆ ಬೇಕಾದದ್ದು ಇನ್ನೊಂದು ಬೋರ್ಡಲ್ಲ, ಕೈ ಹಿಡಿದು ತಡೆಯುವ ಆಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬೆಳಗ್ಗಿನಿಂದ ಕತ್ತಲಾಗುವ ತನಕ, ಪಾದೆ ಹತ್ತುವಲ್ಲೇ ಕಾವಲು, ಹಗ್ಗ, ಟ್ಯೂಬು ಇರಲೇಬೇಕು. ಸಂಬಂಧಪಟ್ಟವರು ಇತ್ತ ಗಮನ ಕೊಡುವರೇ?

ಹೋಗುವವರೂ ಅಷ್ಟೆ, ದೂರ ನಿಂತು ನೋಡಲಿ. ತೆರೆ ಅಲ್ಲಿಗೂ ಕಾಣ್ತದೆ. ಕೊನೆಯ ಬಸ್ಸಿಗೆ ಮನೆಯಲ್ಲಿ ಕಾಯುವವರಿದ್ದಾರೆ.