ಬೆಟ್ಟದ ಓಟದಲ್ಲಿ ಬೂಟು ಕಿತ್ತುಹೋದರೆ
ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಸೀಮೆಯಲ್ಲಿ ‘ಫೆಲ್ ರೇಸ್’ ಎಂಬ ಬೆಟ್ಟದ ಓಟಗಳು ಊರೂರಿಗೂ ಇವೆ. ನಡುದಾರಿಯಲ್ಲಿ ಬೂಟಿನ ಅಟ್ಟೆ ಕಿತ್ತುಬಂದರೆ ಕಾಲು ಉಳುಕೀತೆಂದು ಎಲ್ಲರೂ ಹೆದರುತ್ತಾರೆ. ವೈದ್ಯನಾಗಿ ನನ್ನ ಹೆದರಿಕೆ ಬೇರೆ. ಓಡುವಾಗ ಸ್ನಾಯುಗಳೇ ಮೈಗೆ ಒಲೆ. ಕುಂಟತೊಡಗಿದೊಡನೆ ಆ ಒಲೆಯ ಉರಿ ತಗ್ಗುತ್ತದೆ. ಬೆವರು, ಮಳೆಯಿಂದ ನೆಂದ ಬಟ್ಟೆಗೆ ಗಾಳಿ ಬಡಿದರೆ ಮೈಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲು ಹಿಮವೇ ಬೀಳಬೇಕೆಂದಿಲ್ಲ. (ಮುಳ್ಳಯ್ಯನಗಿರಿಯ ಮಳೆಗಾಲದ ಗಾಳಿಯನ್ನೂ ಹಗುರವಾಗಿ ಕಾಣಬೇಡಿ.) ಮೊದಲು ನಡುಕ, ಆಮೇಲೆ ತೊದಲು, ಮಂಕು. ಮಂಕು ಕವಿದವನಿಗೆ ಅದು ತಿಳಿಯುವುದೇ ಇಲ್ಲ. ‘ಇನ್ನೊಂದೇ ಗುಡ್ಡ’ ಎನ್ನುತ್ತಾನೆ! ಅಲ್ಲಿನ ದೀರ್ಘ ಓಟಗಳಲ್ಲಿ ಮಳೆಯಂಗಿ, ನಕ್ಷೆ, ದಿಕ್ಸೂಚಿ, ಸೀಟಿ, ತಿನಿಸು ಕಡ್ಡಾಯವಾಗಿರುವುದು ಸುಮ್ಮನಲ್ಲ. ಬೂಟು ಕಿತ್ತ ಕೂಡಲೇ, ನಡುಕಕ್ಕೆ ಕಾಯದೆ, ಮಳೆಯಂಗಿ ತೊಡಿ, ಏನಾದರೂ ತಿನ್ನಿ. ಓಟ ಬಿಟ್ಟೆನೆಂದು ವ್ಯವಸ್ಥಾಪಕರಿಗೆ ತಪ್ಪದೆ ತಿಳಿಸಿ. ಹೇಳದೆ ಮನೆ ಸೇರಿದವರನ್ನು ಹುಡುಕುತ್ತಾ ಸ್ವಯಂಸೇವಕರು ರಾತ್ರಿಯೆಲ್ಲ ಬೆಟ್ಟ ಅಲೆಯಬೇಕಾದೀತು.