ಆ ಲಾಬಿ ಫೋಟೋ ಡಿಲೀಟ್ ಮಾಡಿದ್ದು ಯಾಕೆ ಅಂದ್ರೆ

ಭಾಗ 1/9
(ಫೋಟೋ: ಹಾಸಿಗೆಯ ಒಂದು ಮೂಲೆ, ಬಿಳಿ ಶೀಟು. ಅಷ್ಟೇ.)

ದೋಹಾದಿಂದ ಹಾಕಿದ ಫೋಟೋ ಎಲ್ಲಿ ಹೋಯ್ತು ಅಂತ ತುಂಬಾ ಜನ ಕೇಳಿದ್ರಿ. ಮೇಲೆ ದೊಡ್ಡ ದೀಪದ ಗೊಂಚಲು, ಕೆಳಗೆ ನಾನು, ಕೈಯಲ್ಲಿ ಕಾಫಿ. "ಲೈಫ್ ಅಂದ್ರೆ ಇದು ಮಾರಾಯ್ತಿ" ಅಂತ ನಮ್ಮ ಬೆಂಚಿನವರೇ ಕಾಮೆಂಟ್ ಹಾಕಿದ್ರಿ. "ಅಕ್ಕ, ಹ್ಯಾಕ್ ಹೇಳಿಕೊಡಿ" ಅಂತ ಜೂನಿಯರ್ಸ್ ಮೆಸೇಜ್ ಮಾಡಿದ್ರು.

ಡಿಲೀಟ್ ಮಾಡಿದ್ದು ನಾನೇ. ಯಾರೂ ರಿಪೋರ್ಟ್ ಮಾಡಿದ್ದಲ್ಲ. ಮುಖ ಸರಿ ಬಂದಿಲ್ಲ ಅಂತಲೂ ಅಲ್ಲ, ಚೆನ್ನಾಗಿಯೇ ಬಂದಿತ್ತು.

ಆ ಫೋಟೋ ಸುಳ್ಳು ಹೇಳ್ತಿತ್ತು. ಏನು ಸುಳ್ಳು ಅಂತ ಹೇಳ್ಲಿಕ್ಕೆ ಒಂದು ಕ್ಯಾಪ್ಶನ್ ಸಾಲೋದಿಲ್ಲ, ಹಾಗಾಗಿ ಒಂಬತ್ತು. ಬೇಜಾರಾದ್ರೆ ಸ್ಕ್ರೋಲ್ ಮಾಡಿ ಹೋಗಿ. ಆದ್ರೆ ಮುಂದಿನ ವರ್ಷ ಇದೇ ದಾರಿಯಲ್ಲಿ ಹೊರಡುವವರು ದಯವಿಟ್ಟು ಓದಿ.

ಭಾಗ 2/9
(ಫೋಟೋ: ಬೋರ್ಡಿಂಗ್ ಪಾಸ್, ಹೆಸರಿನ ಮೇಲೆ ಬೆರಳು.)

ಮೊದಲು ಹ್ಯಾಕ್ ಕೇಳಿದವರಿಗೆ ಉತ್ತರ. ಬೆಂಗಳೂರು, ದೋಹಾ, ಫ್ರಾಂಕ್‌ಫರ್ಟ್. ನಡುವೆ ಒಂದು ರಾತ್ರಿ, ಒಂದು ಹಗಲು ಉಳಿಯುವ ಹಾಗೆ ಟಿಕೆಟ್ ಮಾಡಿದ್ರೆ ವಿಮಾನ ಕಂಪನಿಯ ಕಡೆಯಿಂದಲೇ ಅಗ್ಗದಲ್ಲಿ ಹೋಟೆಲ್ ಸಿಗ್ತದೆ. ಹೋಟೆಲ್ ಬುಕಿಂಗ್ ಇದ್ರೆ ನಮ್ಮ ಪಾಸ್‌ಪೋರ್ಟಿಗೆ ಅಲ್ಲಿ ಇಳಿದ ಮೇಲೆಯೇ ಪ್ರವೇಶ. ಫೈವ್ ಸ್ಟಾರ್ ರೂಮಿಗೆ ನಾನು ಕೊಟ್ಟದ್ದು ಎರಡು ಸಾವಿರ ಚಿಲ್ಲರೆ ರೂಪಾಯಿ. ಊರಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜಲ್ಲಿ ಎಸಿ ರೂಮಿಗೆ ಕೇಳುವ ದುಡ್ಡು.

ಯಾಕೆ ಇಷ್ಟು ಅಗ್ಗ? ಯಾರೂ ನಮಗೆ ದಾನ ಮಾಡ್ತಿಲ್ಲ. ವಿಮಾನ ಕಂಪನಿಗೆ ನಾವು ದುಬೈ ಬಿಟ್ಟು ದೋಹಾ ಮೇಲೆ ಹೋಗ್ಬೇಕು. ದೇಶಕ್ಕೆ ಪ್ರವಾಸಿಗರ ಲೆಕ್ಕ ಏರ್ಬೇಕು. 2022ರ ಫುಟ್‌ಬಾಲ್ ವಿಶ್ವಕಪ್ಪಿಗೆ ಅಂತ ಊರು ತುಂಬ ಎದ್ದ ಹೋಟೆಲುಗಳ ರೂಮು ತುಂಬ್ಬೇಕು.

ಇಷ್ಟೇ ಆಗಿದ್ರೆ ನನಗೆ ಜಗಳವೇ ಇಲ್ಲ. ಆದ್ರೆ ಎರಡು ಸಾವಿರಕ್ಕೆ ಕೊಟ್ಟ ರೂಮನ್ನೂ ಯಾರೋ ಉಜ್ಜಬೇಕು, ಕನ್ನಡಿ ಒರೆಸಬೇಕು, ಶೀಟು ಬದಲಿಸಬೇಕು. ಅಷ್ಟು ಅಗ್ಗಕ್ಕೆ ಕೊಟ್ಟೂ ಅಷ್ಟು ಚೊಕ್ಕಟ ಇಡ್ಲಿಕ್ಕೆ ಆಗ್ಬೇಕಾದ್ರೆ ಉಜ್ಜುವ ಕೈಯೂ ಅಗ್ಗಕ್ಕೆ ಸಿಗಬೇಕು. ನಾವು ಹ್ಯಾಕ್ ಅಂತ ಹೆಸರಿಟ್ಟದ್ದರಲ್ಲಿ ಒಂದು ಪಾಲು ಇನ್ನೊಬ್ಬರ ಸಂಬಳ.

ಭಾಗ 3/9
(ಫೋಟೋ: ಅರ್ಧ ಬಿಟ್ಟ ಕಾಫಿ ಕಪ್ಪು.)

ಆ ಕಾಫಿಗೆ 35 ರಿಯಾಲ್.

ಕತಾರಿನಲ್ಲಿ 2021ರ ಮಾರ್ಚಿನಿಂದ ಜಾರಿಯಲ್ಲಿರುವ ಕನಿಷ್ಠ ಸಂಬಳ ತಿಂಗಳಿಗೆ 1000 ರಿಯಾಲ್. ಮಾಲೀಕ ವಸತಿ, ಊಟ ಕೊಡದಿದ್ರೆ ಅದಕ್ಕೆ 500, ಇದಕ್ಕೆ 300 ಸೇರಿಸಿ ಕೊಡ್ಬೇಕು. ಸಾವಿರವನ್ನು ಮೂವತ್ತರಿಂದ ಭಾಗಿಸಿ ನೋಡಿ. 33. ಹೋಟೆಲಲ್ಲಿ ಎಲ್ಲರಿಗೂ ಇಷ್ಟೇ ಅಂತ ನಾನು ಹೇಳೋದಿಲ್ಲ, ಹೆಚ್ಚು ಸಿಗುವವರೂ ಇದ್ದಾರೆ. ಆದ್ರೆ ಒಬ್ಬ ಮನುಷ್ಯನ ಒಂದು ದಿನಕ್ಕೆ ಇಷ್ಟು ಸಾಕು ಅಂತ ಕಾನೂನು ಒಪ್ಪಿದ ದುಡ್ಡು ನನ್ನ ಒಂದು ಕಾಫಿಗಿಂತ ಎರಡು ರಿಯಾಲ್ ಕಡಿಮೆ. ಅದನ್ನೂ ನಾನು ಅರ್ಧ ಬಿಟ್ಟೆ. ಫೋಟೋ ಬಂದಿತ್ತಲ್ಲ, ಸಾಕಾಗಿತ್ತು.

ರೂಮಿಗೆ ಸೂಟ್‌ಕೇಸ್ ತಂದವರು ಲಿಫ್ಟಿನಲ್ಲಿ ನಾನು ಅಮ್ಮನ ಹತ್ರ ಫೋನಲ್ಲಿ ಮಾತಾಡೋದು ಕೇಳಿ ನಿಧಾನಕ್ಕೆ ಕೇಳಿದ್ರು: "ಊರು ಎಲ್ಲಿ, ಮ್ಯಾಮ್?" ಉಡುಪಿ ಹತ್ರ ಅಂದೆ. ಮುಖ ಅರಳಿತು. "ನಮ್ದು ಕಾರ್ಕಳ ಕಡೆ, ತಂಗಿ. ಊರಲ್ಲಿ ಮಳೆ ಉಂಟಾ ಇನ್ನೂ?" ಬಾಗಿಲು ತೆರೆಯುವಾಗ ಎದುರಿಗೆ ಸೂಪರ್‌ವೈಸರ್ ನಿಂತಿದ್ರು. ತಂಗಿ ಪುನಃ ಮ್ಯಾಮ್ ಆದ್ಲು. "ಎಂಜಾಯ್ ಯುವರ್ ಸ್ಟೇ, ಮ್ಯಾಮ್."

ಒಂದು ಸೆಲ್ಫಿ ಕೇಳಿದ್ದೆ. "ಬೇಡ ತಂಗಿ, ತೊಂದ್ರೆ ಆದೀತು" ಅಂದಿದ್ರು. ಅದಕ್ಕೇ ಈ ಸರಣಿಯಲ್ಲಿ ಯಾರ ಮುಖವೂ ಇಲ್ಲ.

ಭಾಗ 4/9
(ಫೋಟೋ: ಮತ್ತೆ ಅದೇ ಶೀಟಿನ ಮೂಲೆ, ಹತ್ತಿರದಿಂದ.)

ನನ್ನ ಮಾಮ ಹನ್ನೊಂದು ವರ್ಷ ದೋಹಾದ ಬೇರೊಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿದ್ರು. ನನ್ನ ಇಂಜಿನಿಯರಿಂಗಿನ ಮೊದಲ ಎರಡು ವರ್ಷದ ಫೀಸು ಅವರದ್ದು. ಈಗ ಊರಲ್ಲೇ ಇದ್ದಾರೆ. ಎರಡೂ ಮೊಣಕಾಲು ಹೋಗಿದೆ, ಮೆಟ್ಟಿಲು ಹತ್ತುವಾಗ ಗೋಡೆ ಹಿಡೀತಾರೆ.

ಆ ರಾತ್ರಿ ವಿಡಿಯೋ ಕಾಲ್ ಮಾಡಿದೆ. ಕಿಟಕಿ, ಬಾತ್‌ಟಬ್ಬು, ಹೊರಗಿನ ದೀಪ ತೋರಿಸ್ತಾ ಇದ್ದೆ. ಅವರಿಗೆ ಅದು ಯಾವುದೂ ಬೇಡ. "ಶೀಟಿನ ಮೂಲೆ ತೋರಿಸು ನೋಡುವ" ಅಂದ್ರು. ತೋರಿಸಿದೆ. "ಇನ್ನೂ ಹತ್ರ ಹಿಡಿ. ಹಾಂ. ಒಳ್ಳೆ ಮಡಚಿದ್ದಾರೆ. ಇಸ್ತ್ರಿಯೂ ಸರಿ ಕೂತಿದೆ." ಪರೀಕ್ಷೆ ಪೇಪರ್ ತಿದ್ದುವ ಮೇಷ್ಟ್ರ ಹಾಗೆ.

"ಕೆಳಗೆ ಹೋಗಿ ಲಾಬಿ ತೋರಿಸ್ಲಾ ಮಾಮ?"

"ತೋರಿಸು, ನಾನೆಂತ ನೋಡಿದ್ದೇನಾ."

"ಅಷ್ಟು ವರ್ಷ ಹೋಟೆಲಲ್ಲೇ ಇದ್ರಲ್ಲ?"

"ನಮ್ಗೆ ಹಿಂದಿನ ಬಾಗಿಲು. ಬಸ್ಸಿಂದ ಇಳಿದ್ರೆ ಸೀದ ಬೇಸ್‌ಮೆಂಟು. ಮೇಲೆ ನಮ್ಗೆಂತ ಕೆಲ್ಸ?"

ದೂರು ಅಂತ ಹೇಳಿದ್ದಲ್ಲ ಅವರು. ಇದ್ದದ್ದು ಹೇಳಿದ್ರು, ಅಷ್ಟೇ. ನೀವು "ಲೈಫ್" ಅಂದ ಫೋಟೋ ಉಂಟಲ್ಲ, ಮಾಮನ ಹನ್ನೊಂದು ವರ್ಷ ಆ ಫೋಟೋದ ಕೆಳಗಿನ ಮಹಡಿಯಲ್ಲಿತ್ತು. ಫ್ರೇಮಿಗೆ ಬರ್ಲಿಲ್ಲ. ಫೋನಿಟ್ಟ ಮೇಲೆ ಡಿಲೀಟ್ ಮಾಡಿದೆ.

ಭಾಗ 5/9
(ಫೋಟೋ: ಕಿಟಕಿಯಿಂದ ಕೆಳಗೆ, ಬಿಸಿಲಲ್ಲಿ ಅಗೆದ ರಸ್ತೆ.)

ಈಗ ವಾದಕ್ಕೆ ಬರುವ. ನನಗೆ ಬಂದ ಮೊದಲ ಮೆಸೇಜ್: "ಅದೆಲ್ಲ ಹಳೇ ಕತೆ. ವಿಶ್ವಕಪ್ ಹೊತ್ತಿಗೆ ಕಾನೂನೆಲ್ಲ ಬದಲಾಯ್ತು."

ಬದಲಾದದ್ದು ಹೌದು, ಒಪ್ತೇನೆ. ದೇಶ ಬಿಟ್ಟು ಹೋಗ್ಲಿಕ್ಕೇ ಮಾಲೀಕನ ಅನುಮತಿ ಬೇಕು ಅನ್ನೋ ನಿಯಮವನ್ನು 2018ರಲ್ಲಿ ಹೆಚ್ಚಿನ ಕೆಲಸಗಾರರಿಗೆ, 2020ರಲ್ಲಿ ಮನೆಗೆಲಸದವರಿಗೂ ತೆಗೆದ್ರು. ಹಳೇ ಮಾಲೀಕನ ಒಪ್ಪಿಗೆ ಪತ್ರ ಇಲ್ಲದೆ ಕೆಲಸ ಬದಲಿಸುವ ಅವಕಾಶವೂ 2020ರಲ್ಲೇ ಬಂತು. ಮಾಮನ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ಅಜ್ಜ ತೀರಿಕೊಂಡಾಗ ಪರ್ಮಿಟ್ ಸಹಿ ಆಗ್ಲಿಕ್ಕೆ ಕಾದು ಕಾದು, ಅವರು ಮನೆ ಮುಟ್ಟುವಾಗ ಬೊಜ್ಜವೇ ಮುಗಿದಿತ್ತು.

ಆದ್ರೆ ಕಾನೂನು ಬದಲಾಗೋದು ಯಾರಾದ್ರೂ ನೋಡಿ ಮಾತಾಡಿದಾಗ ಮಾತ್ರ. ಸ್ಟೇಡಿಯಂ ಕಟ್ಟುವವರ ಬಗ್ಗೆ ಜಗತ್ತು ವರ್ಷಗಟ್ಟಲೆ ಮಾತಾಡ್ತು. ವಿಶ್ವಕಪ್ ಮುಗೀತು, ಕ್ಯಾಮೆರಾ ಹೋಯ್ತು. ಈಗ ಅಲ್ಲಿಗೆ ಹೋಗುವ ಕ್ಯಾಮೆರಾ ಅಂದ್ರೆ ನಮ್ಮದು, ಸ್ಟಾಪ್‌ಓವರಿನವರದ್ದು. ನಾವು ದೀಪದ ಗೊಂಚಲಿಗೆ ಹಿಡೀತೇವೆ.

ಅಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಲ್ಲಿ ಕೆಲಸ ಮಾಡಿಸಬಾರದು. ನಾನು ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಕ್ಯಾಲೆಂಡರಿನಲ್ಲಿ ಬೇಸಿಗೆ ಮುಗಿದಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ರಸ್ತೆ ಅಗೆಯುವವರು ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ರು. ನಾನು ಮೇಲೆ ಎಸಿ ಜಾಸ್ತಿ ಆಯ್ತು ಅಂತ ಹೊದ್ದುಕೊಂಡಿದ್ದೆ.

ಭಾಗ 6/9
(ಫೋಟೋ: ಮಾಮನ ಹಳೇ ಪಾಸ್‌ಪೋರ್ಟಿನ ಹೊದಿಕೆ.)

ಎರಡನೇ ಮೆಸೇಜ್: "ಅವರೇ ಇಷ್ಟಪಟ್ಟು ಹೋದದ್ದಲ್ವಾ? ಊರಲ್ಲಿ ಇದಕ್ಕಿಂತ ಕಡಿಮೆ ಸಿಗ್ತದೆ."

ಹೌದು, ಕಡಿಮೆಯೇ. ನಮ್ಮ ಬೆಂಗಳೂರಿನ ಹೋಟೆಲುಗಳಲ್ಲೂ ಹಿಂದಿನ ಬಾಗಿಲು ಉಂಟು. ಹಾಗಾಗಿ ಇದು ಅರಬ್ಬರನ್ನು ಬಯ್ಯುವ ಪೋಸ್ಟ್ ಅಲ್ಲ. ಆ ಥರದ ಕಾಮೆಂಟ್ ಬಂದ್ರೆ ಅಳಿಸ್ತೇನೆ.

"ಇಷ್ಟಪಟ್ಟು" ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡುವ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿಗೆ ನಮ್ಮ ಸರ್ಕಾರ ಒಂದು ಗುರುತು ಹಾಕ್ತದೆ. ಕತಾರ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗ್ಬೇಕಾದ್ರೆ ಅವರಿಗೆ ಮೊದಲು ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಅವರ ರಕ್ಷಣೆಗೆ ಅಂತಲೇ ಇರುವ ನಿಯಮ. ಆದ್ರೆ ಆ ಕಾಗದ ಮಾಡಿಸ್ತೇನೆ ಅಂತ ಬಂದ ಏಜೆಂಟ್ ಮಾಮನ ಹತ್ರ ಒಂದು ಲಕ್ಷಕ್ಕಿಂತ ಹೆಚ್ಚು ತಗೊಂಡ. ಅಜ್ಜಿಯ ಬಳೆ ಸೊಸೈಟಿಯಲ್ಲಿ ಅಡವು ಬಿತ್ತು. ಬಿಡಿಸ್ಲಿಕ್ಕೆ ಎರಡು ವರ್ಷ.

ನಾನೂ ಸಾಲ ಮಾಡಿಯೇ ಹೊರಟದ್ದು. ನನ್ನ ಸಾಲಕ್ಕೆ ಎಜುಕೇಷನ್ ಲೋನ್ ಅಂತ ಹೆಸರು, ಬ್ಯಾಂಕಿನವರು ಚಾ ಕೊಟ್ಟು ಕೂರಿಸಿದ್ರು. ಹೊರಡುವ ಮುಂಚೆ ಕಾಲೇಜಲ್ಲಿ ಶಾಲು ಹೊದೆಸಿದ್ರು. ಮಾಮ ರಜೆಗೆ ಬಂದಾಗ ಇದೇ ಊರು "ಗಲ್ಫ್ ಪಾರ್ಟಿ ಬಂತು" ಅಂತ ಸೆಂಟಿನ ವಾಸನೆಯ ಬಗ್ಗೆ ತಮಾಷೆ ಮಾಡ್ತಿತ್ತು, ಸಂಜೆ ಮನೆಗೆ ಬಂದು ಸಾಲ ಕೇಳ್ತಿತ್ತು. ನಾನೂ ಆ ತಮಾಷೆಗೆ ನಕ್ಕಿದ್ದೇನೆ. ಬರೆದಿಡ್ತೇನೆ ಇದನ್ನ.

ಭಾಗ 7/9
(ಫೋಟೋ: ಮುಶೈರಿಬ್, ಒಂದು ಹಳೇ ಮನೆಯ ಅಂಗಳ.)

ಮರುದಿನ ಏನು ನೋಡಿದೆ ಅಂತ ಕೇಳಿದ್ರಿ. ಹಮದ್ ವಿಮಾನ ನಿಲ್ದಾಣದ ಹಳದಿ ಕರಡಿಯ ಹತ್ರ ಎಲ್ಲರೂ ಫೋಟೋ ತೆಗೀತಾರೆ, ನಾನೂ ತೆಗ್ದೆ. ಸೂಕ್ ವಾಕಿಫ್‌ನಲ್ಲಿ ಸುತ್ತಾಡಿದೆ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಮುಶೈರಿಬ್ ಉಂಟು. ಅಲ್ಲಿ ಬಿನ್ ಜಲ್ಮೂದ್ ಹೌಸ್ ಅನ್ನುವ ಹಳೇ ಮನೆಯನ್ನು ಮ್ಯೂಸಿಯಂ ಮಾಡಿದ್ದಾರೆ. ವಿಷಯ ಏನು ಗೊತ್ತುಂಟಾ? ಗುಲಾಮಗಿರಿಯ ಇತಿಹಾಸ. ಕತಾರಿನಲ್ಲಿ ಗುಲಾಮಗಿರಿ ರದ್ದಾದದ್ದು 1952ರಲ್ಲಿ. ಹಿಂದೂ ಮಹಾಸಾಗರದ ಸುತ್ತ ಮನುಷ್ಯರನ್ನು ಹೇಗೆ ಸಾಗಿಸ್ತಿದ್ರು ಅಂತ ಅಲ್ಲಿ ಹೇಳಿದ್ದಾರೆ. ಇವತ್ತಿನ ಶೋಷಣೆಯ ಬಗ್ಗೆಯೂ ಉಂಟು.

ಅಂದ್ರೆ ಆ ದೇಶವೇ ಮಾತಾಡ್ಲಿಕ್ಕೆ ಒಂದು ಮನೆ ತೆರೆದಿಟ್ಟಿದೆ. ಬಾಯಿ ಮುಚ್ಚಿ ಲಾಬಿಯಲ್ಲಿ ಪೋಸ್ ಕೊಡುವವರು ನಾವು. 1966ರವರೆಗೆ ಅಲ್ಲಿ ಓಡ್ತಿದ್ದದ್ದು ನಮ್ಮ ರಿಸರ್ವ್ ಬ್ಯಾಂಕ್ ಹೊರಡಿಸಿದ ನೋಟು. ನಮಗೂ ಆ ಊರಿಗೂ ಅಷ್ಟು ಹಳೇ ನಂಟು. ನಮ್ಮ ಕರಾವಳಿಯವರಿಗಂತೂ ಪ್ರತಿ ನಾಲ್ಕು ಮನೆಗೆ ಒಬ್ಬರು ಆ ಕಡೆ ಹೋದವರು ಸಿಕ್ತಾರೆ. ನಾವು ಮಾತ್ರ ಹೊಸದಾಗಿ ಕಂಡವರ ಹಾಗೆ "ವಾವ್" ಅಂತೇವೆ.

ಭಾಗ 8/9
(ಫೋಟೋ: ಫ್ರಾಂಕ್‌ಫರ್ಟ್, ನನ್ನ ರೂಮಿನ ಕಿಟಕಿ. ಎದುರು ಗೋಡೆ.)

ಈಗ ನಮ್ಮ ಬಗ್ಗೆ. ಇದು ಹೇಳ್ಲಿಕ್ಕೆ ಕಷ್ಟ.

ಇಲ್ಲಿಗೆ ಬಂದು ಹತ್ತು ದಿನ. ಪಾರ್ಟ್‌ಟೈಮ್ ಹುಡುಕ್ತಾ ಇದ್ದೇನೆ. ನನಗೆ ಪರಿಚಯದ ಸೀನಿಯರ್ಸ್ ಮಾಡೋದು ಏನು? ಒಬ್ಬರು ವೇರ್‌ಹೌಸಲ್ಲಿ ಪೆಟ್ಟಿಗೆ ಎತ್ತುತ್ತಾರೆ, ಒಬ್ಬರು ಸೈಕಲಲ್ಲಿ ಊಟ ಮುಟ್ಟಿಸ್ತಾರೆ, ಇಬ್ಬರು ಹೋಟೆಲಲ್ಲಿ ರೂಮ್ ಕ್ಲೀನಿಂಗ್. ಹೌದು, ಶೀಟಿನ ಮೂಲೆ ಮಡಚುವ ಕೆಲಸ. ನಾನೂ ಅದಕ್ಕೇ ಅರ್ಜಿ ಹಾಕಿದ್ದೇನೆ. ಇಲ್ಲಿ 2025ರ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ದೋಹಾದ ಆ 33 ರಿಯಾಲ್ ಯೂರೋಗೆ ತಿರುಗಿಸಿದ್ರೆ ಸುಮಾರು ಎಂಟು. ಅದೇ ಹಾಸಿಗೆ, ಅದೇ ಮಡಿಕೆ, ಇಲ್ಲಿ ಒಂದು ಗಂಟೆಗೆ ಸಿಗೋದು ಅಲ್ಲಿಯ ಒಂದು ದಿನದ್ದಕ್ಕಿಂತ ಹೆಚ್ಚು.

ಆ ಸೀನಿಯರ್ಸ್ ಪ್ರೊಫೈಲ್ ತೆರೆದು ನೋಡಿ. ಸ್ಟಾಪ್‌ಓವರ್ ಲಾಬಿ ಉಂಟು, ಕ್ರಿಸ್‌ಮಸ್ ಮಾರ್ಕೆಟ್ ಉಂಟು, ಹಿಮ ಉಂಟು. ಬಕೆಟ್ ಇಲ್ಲ. ಅವರನ್ನು ನಂಬಿಯೇ ನಾನು ಸಾಲದ ಕಾಗದಕ್ಕೆ ಸಹಿ ಹಾಕಿದ್ದು. ನನ್ನ ಲಾಬಿ ನೋಡಿ ಇನ್ನೊಬ್ಬ ಜೂನಿಯರ್ ಹಾಕ್ತಾನೆ. ಅವನಪ್ಪ ಜಾಗದ ಪತ್ರ ಬ್ಯಾಂಕಿಗೆ ಇಡ್ತಾರೆ.

ಲಾಬಿ ಫೋಟೋ ಮಾಮನನ್ನು ಮಾತ್ರ ಮುಚ್ಚಿಡೋದಲ್ಲ. ನಾಳೆ ನಾವೇ ಆಗುವ ಮನುಷ್ಯರನ್ನೂ ಮುಚ್ಚಿಡ್ತದೆ. ಮಾಮನ ಕೆಲಸಕ್ಕೆ ನಾಚಿಕೆ ಪಟ್ಟವರು ನಮ್ಮದಕ್ಕೂ ನಾಚಿಕೆ ಪಡ್ತೇವೆ. ನಾಚಿಕೆ ಇರುವಷ್ಟು ದಿನ ನಮ್ಮ ಕೈಗೆ ಸಿಕ್ಕಿದ್ದೇ ಸಂಬಳ. ಯಾರ ಹತ್ರ ಕೇಳ್ತೀರಿ?

ಭಾಗ 9/9
(ಫೋಟೋ: ಖಾಲಿ ಗೋಡೆ. ನಿಮ್ಮ ಉತ್ತರಕ್ಕೆ ಜಾಗ.)

"ಹಾಗಾದ್ರೆ ಉಳಿಯೋದೇ ಬೇಡ್ವಾ?" ಉಳೀರಿ ಮಾರಾಯ್ರೆ. ನಾನೂ ಉಳಿದೆ, ಒಳ್ಳೆ ನಿದ್ದೆ ಬಂತು. ಹದಿನೈದು ಗಂಟೆ ಏರ್‌ಪೋರ್ಟ್ ಕುರ್ಚಿಯಲ್ಲಿ ಕೂತ್ರೆ ಯಾರ ಸಂಬಳವೂ ಏರೋದಿಲ್ಲ. ಆದ್ರೆ ಇಷ್ಟು ಮಾಡಿ.

ರೂಮಿನಲ್ಲಿ ಟಿಪ್ಸ್ ಇಡಿ. ನೋಟು, ಮೇಜಿನ ಮೇಲೆ, "ಥ್ಯಾಂಕ್ಸ್" ಅಂತ ಚೀಟಿ ಜೊತೆಗೆ. ಚೀಟಿ ಇಲ್ಲದಿದ್ರೆ ಮರೆತು ಹೋದದ್ದೋ ಅಂತ ಅವರು ಮುಟ್ಟಲಿಕ್ಕೇ ಹೆದರ್ತಾರೆ, ಮಾಮ ಹೇಳಿದ್ದು. ಟಿಪ್ಸಿಂದ ಲೋಕ ಸರಿಯಾಗೋದಿಲ್ಲ, ಗೊತ್ತು. ಒಂದು ಕಾಫಿಯಷ್ಟಾದ್ರೂ ಇಡಿ.

ಹೋಟೆಲಿಗೆ ಫೀಡ್‌ಬ್ಯಾಕ್ ಬರೆಯುವಾಗ ಸ್ವಿಮ್ಮಿಂಗ್ ಪೂಲ್ ಬಿಟ್ಟು ಕೆಲಸದವರ ಬಗ್ಗೆ ಬರೀರಿ. ಬ್ಯಾಡ್ಜಿನಲ್ಲಿರುವ ಹೆಸರು ಹೇಳಿ ಹೊಗಳಿ. ಮುಖದ ಫೋಟೋ ಮಾತ್ರ ಕೇಳದೆ ಹಾಕ್ಬೇಡಿ.

ಜೂನಿಯರ್ಸಿಗೆ ಲೆಕ್ಕ ಹೇಳಿ: ಬಾಡಿಗೆ ಎಷ್ಟು, ಕಂತು ಎಷ್ಟು, ಎಷ್ಟು ಗಂಟೆ ಕೆಲಸ. ನಾನು ಪ್ರತಿ ತಿಂಗಳು ಹಾಕ್ತೇನೆ, ಮಾತು ಕೊಟ್ಟೆ. ಆ ರೂಮ್ ಕ್ಲೀನಿಂಗ್ ಕೆಲಸ ಸಿಕ್ಕಿದ್ರೆ ಬಕೆಟ್ ಸಮೇತ ಫೋಟೋ ಬರ್ತದೆ. ಮೂಲೆ ಸರಿ ಮಡಚಿದ್ದೇನಾ ಅಂತ ಮೊದಲು ಮಾಮನಿಗೆ ಕಳಿಸ್ತೇನೆ. ಅವರು ಪಾಸ್ ಅಂದ್ರೆ ನಿಮಗೆ.

ಕೊನೆಗೆ ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಗಲ್ಫಿನ ಹೋಟೆಲಲ್ಲಿ ದುಡಿದು ಬಂದವರು ಇದ್ರೆ ಇವತ್ತೇ ಹೋಗಿ ಕೇಳಿ: ನೀವು ಯಾವ ಬಾಗಿಲಿಂದ ಒಳಗೆ ಹೋಗ್ತಿದ್ರಿ? ಅವರು ಹೇಳಿದ್ದನ್ನು ಇಲ್ಲಿ ಬರೀರಿ. ಹಾರ್ಟ್ ಇಮೋಜಿ ಬೇಡ. ಬರೀರಿ.

#ಹಿಂದಿನಬಾಗಿಲು #ಲಾಬಿಯಕೆಳಗೆ #ದೋಹಾಸ್ಟಾಪ್‌ಓವರ್ #ನಮ್ಮಗಲ್ಫ್‌ನವರು